ಕಲ್ಲಿನ ಮುಂದೆ ಹಗುರಾದ ಮನಸ್ಸು: ಬೀಸುವ ಪದಗಳ ಹಾಡಿಕೆಯನ್ನು ಕುರಿತು

ಒಬ್ಬ ಗೃಹಿಣಿಗೆ ಒಂದು ಕಥೆ ಗೊತ್ತಿತ್ತು, ಒಂದು ಹಾಡೂ ಗೊತ್ತಿತ್ತು. ಆಕೆ ಕಥೆಯನ್ನು ಯಾರಿಗೂ ಹೇಳಲಿಲ್ಲ, ಹಾಡನ್ನು ಎಂದೂ ಹಾಡಲಿಲ್ಲ. ಒಳಗೇ ಉಳಿದ ಅವೆರಡಕ್ಕೂ ಉಸಿರುಕಟ್ಟಿತು. ಒಂದು ದಿನ ಆಕೆ ಬಾಯಿ ತೆರೆದು ಮಲಗಿದ್ದಾಗ ಕಥೆ ಹೊರಬಿದ್ದು ಒಂದು ಜೊತೆ ಜೋಡಿನ ರೂಪ ತಳೆದು ಬಾಗಿಲಲ್ಲಿ ಕುಳಿತಿತು. ಹಾಡು ಗಂಡಸಿನ ಅಂಗಿಯಂತಾಗಿ ಗೂಟಕ್ಕೆ ತೂಗುಬಿದ್ದಿತು. ಮನೆಗೆ ಬಂದ ಗಂಡ, ಇವು ಯಾರವೆಂದು ಕೇಳಿದ. ಆಕೆಗೆ ಗೊತ್ತಿರಲಿಲ್ಲ. ಅನುಮಾನ ಬೆಳೆದು ಜಗಳವಾಯಿತು; ಗಂಡ ಕಂಬಳಿ ಹೊದ್ದು ಹನುಮಂತನ ಗುಡಿಗೆ ಮಲಗಲು ಹೋದ. ಊರಿನಲ್ಲಿ ಆರಿಸಿದ ದೀಪಗಳ ಕುಡಿಗಳೆಲ್ಲ ರಾತ್ರಿ ಆ ಗುಡಿಯಲ್ಲಿ ಸೇರಿ ಮಾತಾಡಿಕೊಳ್ಳುವುದು ವಾಡಿಕೆ. ತಡವಾಗಿ ಬಂದ ಒಂದು ಕುಡಿ ತನ್ನ ಮನೆಯ ಜಗಳದ ಕಾರಣವನ್ನು ಉಳಿದವಕ್ಕೆ ಬಿಡಿಸಿ ಹೇಳಿತು. ಗಂಡನ ಅನುಮಾನ ತೀರಿತು. ಬೆಳಗಾಗುತ್ತಲೇ ಮನೆಗೆ ಹೋಗಿ ಹೆಂಡತಿಯನ್ನು ಆ ಕಥೆ ಯಾವುದು, ಆ ಹಾಡು ಯಾವುದು ಎಂದು ಕೇಳಿದ. ಅಷ್ಟು ಹೊತ್ತಿಗೆ ಆಕೆ ಎರಡನ್ನೂ ಮರೆತಿದ್ದಳು.

ಎ.ಕೆ. ರಾಮಾನುಜನ್ ಕನ್ನಡದಿಂದ ಸಂಗ್ರಹಿಸಿ 1991ರ ತಮ್ಮ ಭಾರತೀಯ ಜನಪದ ಕಥೆಗಳ ಇಂಗ್ಲಿಷ್ ಸಂಕಲನದಲ್ಲಿ ಸೇರಿಸಿದ ಈ ಕಥೆಯನ್ನು ಸಾಮಾನ್ಯವಾಗಿ ಕಥೆಗಳ ಬಗೆಗಿನ ಕಥೆಯೆಂದು ಓದಲಾಗುತ್ತದೆ. ಕಥೆ, ಹಾಡುಗಳು ಬಳಕೆಯಾಗದಿದ್ದರೆ ಸೇಡು ತೀರಿಸಿಕೊಳ್ಳುತ್ತವೆ ಎಂಬುದು ಆ ಓದಿನ ತಿರುಳು. ಆದರೆ ಇಲ್ಲಿ ಜನಪದರ ಮನೋವಿಜ್ಞಾನವೂ ಒಂದು ಇದೆ. ಹಾಡದೆ ಉಳಿದ ಹಾಡು ಹೆಣ್ಣಿನ ಒಳಗೆ ಸುಮ್ಮನೆ ಇರುವುದಿಲ್ಲ. ಅದು ಬೇರೊಂದು ವೇಷದಲ್ಲಿ ಹೊರಬಂದು ಮನೆಯ ನೆಮ್ಮದಿಯನ್ನು ಕೆಡಿಸುತ್ತದೆ. ಹಾಡಿನಿಂದ ಮನಸ್ಸಿಗೆ ಹಿತವಾಗುತ್ತದೆ ಎಂಬ ಮಾತು ಇಂದು ವೈದ್ಯಕೀಯ ಪತ್ರಿಕೆಗಳಲ್ಲಿ ಸಂಶೋಧನೆಯ ವಿಷಯವಾಗಿದೆ. ಕನ್ನಡ ನಾಡಿನ ಹೆಂಗಸರು ಈ ತಿಳಿವಳಿಕೆಯನ್ನು ಒಂದು ನಿತ್ಯಾಚರಣೆಯನ್ನಾಗಿ ಕಟ್ಟಿಕೊಂಡಿದ್ದರು. ಅದರ ಸ್ಥಳ ಬೀಸುವ ಕಲ್ಲಿನ ಮುಂದೆ, ವೇಳೆ ನಸುಕು.

ದುಡಿಮೆಯ ಹಾಡಿಗೆ ಈ ಸೀಮೆಯಲ್ಲಿ ದೀರ್ಘ ಇತಿಹಾಸವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ, ಮಹಾರಾಷ್ಟ್ರದ ಹೆಂಗಸರು ಧಾನ್ಯ ಕುಟ್ಟುವಾಗ ಓವಿಯನ್ನು ಹಾಡುತ್ತಾರೆಂಬ ಉಲ್ಲೇಖವಿದೆ. ಆನೆ, ಅಡುಗೆ, ರತ್ನ, ಮದ್ದುಗಳ ನಡುವೆ ಒನಕೆಯ ಹಾಡಿಗೂ ಒಬ್ಬ ದೊರೆ ಜಾಗ ಕೊಟ್ಟದ್ದು ಸಣ್ಣ ಸಂಗತಿಯಲ್ಲ. ಅದೇ ಶತಮಾನದ ಶರಣರಲ್ಲಿ ಕೊಟ್ಟಣದ ಸೋಮಮ್ಮನೆಂಬಾಕೆಯ ಹೆಸರಿಗೆ ಭತ್ತ ಕುಟ್ಟುವ ಕಾಯಕವೇ ವಿಶೇಷಣವಾಗಿ ಸೇರಿಕೊಂಡಿದೆ. ಕನ್ನಡದ ಬೀಸುವ, ಕುಟ್ಟುವ ಪದಗಳ ಮುಖ್ಯ ಮಟ್ಟು ತ್ರಿಪದಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಅಂದರೆ ಸುಮಾರು ಕ್ರಿ.ಶ. 700ರಲ್ಲಿ, ಈ ಮಟ್ಟು ಬಂಡೆಯ ಮೇಲೆ ಕಾಣಿಸಿಕೊಂಡಿದೆ. ಅಂಶಗಣದ ಛಂದಸ್ಸು ಬರಹಕ್ಕೆ ಇಳಿಯುವ ಮೊದಲೇ ಬಾಯಲ್ಲಿ ಬೆಳೆದಿದ್ದಿರಬೇಕು. ಹಿಗ್ಗಿಸಿ, ಕುಗ್ಗಿಸಿ ಹಾಡಿಕೊಳ್ಳಲು ಅದು ಕೊಡುವ ಸಲಿಗೆಯೇ ಇದಕ್ಕೆ ಸಾಕ್ಷಿ. ಬರೆದಾಗ ಮೂರು ಸಾಲಾದ ತ್ರಿಪದಿ ಹಾಡುವಾಗ ಮೂರು ಸಾಲಿನಲ್ಲಿ ನಿಲ್ಲುವುದಿಲ್ಲ. ಎರಡನೆಯ ಸಾಲಿನ ಒಂದು ತುಂಡು ಮರಳಿ ಬಂದು ಮೂರನೆಯ ಸಾಲಿಗೆ ಸೇರಿ ನಾಲ್ಕನೆಯದೊಂದು ಸಾಲೇ ಹುಟ್ಟಿದಂತಾಗುತ್ತದೆ. ಈ ಮರುಕಳಿಕೆಯನ್ನು ಛಂದಶ್ಶಾಸ್ತ್ರಜ್ಞರು ಲಕ್ಷಣವೆಂದು ಗುರುತಿಸಿದ್ದಾರೆ. ಹಾಡುವವಳಿಗೆ ಅದು ಮುಂದಿನ ಮಾತನ್ನು ಕೂಡಿಸಿಕೊಳ್ಳಲು ಸಿಕ್ಕ ಬಿಡುವು, ಹೇಳಲು ಕಷ್ಟವಾದದ್ದನ್ನು ಹೇಳುವ ಮುನ್ನ ಒಂದು ಕ್ಷಣ ತಡೆದು ನಿಲ್ಲುವ ಎಡೆ.

ಬೀಸುವಿಕೆಯ ಸನ್ನಿವೇಶವನ್ನು ತುಸು ವಿವರವಾಗಿ ನೋಡಬೇಕು. ಬೆಳ್ಳಿ ಮೂಡುವ ಹೊತ್ತಿಗೆ, ಕೆಲವೊಮ್ಮೆ ಅದಕ್ಕೂ ಮೊದಲೇ, ಮನೆಯ ಸೊಸೆ ಎದ್ದು ಕಲ್ಲಿನ ಮುಂದೆ ಕೂರುತ್ತಾಳೆ. ಬಡಗಣ ಸೀಮೆಯಲ್ಲಿ ಜೋಳ, ತೆಂಕಣ ಸೀಮೆಯಲ್ಲಿ ರಾಗಿ. ಅಂದಿನ ರೊಟ್ಟಿಗೋ ಮುದ್ದೆಗೋ ಬೇಕಾದ ಹಿಟ್ಟು ಅಂದೇ ಆಗಬೇಕು. ಎಡಗೈ ಹಿಡಿಹಿಡಿಯಾಗಿ ಕಾಳನ್ನು ಕಲ್ಲಿನ ಬಾಯಿಗೆ ಹಾಕುತ್ತದೆ, ಬಲಗೈ ಗೂಟ ಹಿಡಿದು ತಿರುಗಿಸುತ್ತದೆ. ಇಬ್ಬರಿದ್ದರೆ ಎದುರು ಬದುರು ಕುಳಿತು ಒಂದೇ ಗೂಟಕ್ಕೆ ಕೈಕೊಡುತ್ತಾರೆ. ಒಬ್ಬಳು ಎತ್ತಿಕೊಟ್ಟ ಸೊಲ್ಲನ್ನು ಇನ್ನೊಬ್ಬಳು ಹಿಡಿಯುತ್ತಾಳೆ. ಅತ್ತೆ, ಮಾವ, ಗಂಡ, ಮೈದುನರು ಇನ್ನೂ ಮಲಗಿರುತ್ತಾರೆ. ಕೂಡುಕುಟುಂಬದ ಮನೆಯಲ್ಲಿ ಸೊಸೆಗೆ ತನ್ನದೆಂಬ ಕೋಣೆ ಇರಲಿಲ್ಲ, ತನ್ನದೆಂಬ ಮಾತಿಗೆ ಅವಕಾಶವೂ ಇರಲಿಲ್ಲ. ಇಡೀ ದಿನದಲ್ಲಿ ಆಕೆಯ ದನಿ ಏರಬಹುದಾಗಿದ್ದ ವೇಳೆ ಇದೊಂದೇ. ಆಕೆ ಹಾಡುತ್ತಿದ್ದಾಳೆಂದರೆ ಕೆಲಸ ಸಾಗುತ್ತಿದೆ ಎಂದು ಮನೆಯವರು ತಿಳಿಯುತ್ತಿದ್ದುದರಿಂದ ಹಾಡಿಗೆ ತಡೆಯೂ ಇರಲಿಲ್ಲ. ಕಲ್ಲಿನ ಗರಗರ ಸದ್ದು ಮಾತುಗಳನ್ನು ಅರ್ಧ ಮರೆಮಾಡುತ್ತಿತ್ತು. ಹಾಸಿಗೆಯಲ್ಲಿ ಇದ್ದವರಿಗೆ ಧಾಟಿ ಕೇಳುತ್ತಿತ್ತು, ಎಲ್ಲ ಮಾತೂ ಕೇಳುತ್ತಿರಲಿಲ್ಲ. ದುಃಖಕ್ಕೆ ಇದಕ್ಕಿಂತ ತಕ್ಕ ಜಾಗವನ್ನು ಯೋಜಿಸಿ ಕಟ್ಟುವುದೂ ಕಷ್ಟ.

ಹಾಡಿನ ಸಾಗುವಿಕೆಗೆ ಒಂದು ಕ್ರಮವಿತ್ತು. ಮೊದಲು ದೇವರ ನೆನಹು, ಬಳಿಕ ಕಲ್ಲಿನ ಸ್ತುತಿ. ಕಲ್ಲನ್ನು ತಾಯಿಯೆಂದು, ಅವ್ವನೆಂದು ಕರೆಯುವುದು, ಹಗುರವಾಗಿ ತಿರುಗೆಂದು ಬೇಡುವುದು, ಹೊಟ್ಟೆ ತುಂಬಿಸುವವಳೆಂದು ಕೊಂಡಾಡುವುದು ಇಲ್ಲಿನ ಆಶಯಗಳು. ಮಾತನ್ನು ಕೇಳಿಸಿಕೊಳ್ಳಬಲ್ಲ, ಆದರೆ ಇನ್ನೊಬ್ಬರ ಕಿವಿಗೆ ಮುಟ್ಟಿಸಲಾರದ ಒಬ್ಬ ಕೇಳುಗಳು ಹೀಗೆ ಸಿದ್ಧಳಾಗುತ್ತಾಳೆ. ಆಮೇಲೆ ತವರಿನ ನೆನಪು: ತಾಯಿ, ತಂದೆ, ವಿಶೇಷವಾಗಿ ಅಣ್ಣ. ತವರಿನ ದಾರಿಯಲ್ಲಿ ಸಾಗಿದ ಹಾಡು ಮೆಲ್ಲಗೆ ಗಂಡನ ಮನೆಗೆ ಹೊರಳುತ್ತದೆ. ಅತ್ತೆಯ ಮಾತು, ನಾದಿನಿಯ ಕೊಂಕು, ಗಂಡನ ಉದಾಸೀನ, ಬಂಜೆತನದ ಅಳುಕು, ಸತ್ತ ಕೂಸು. ಹಾಡಿನ ತೂಕವೆಲ್ಲ ಈ ನಡುಭಾಗದಲ್ಲಿದೆ. ಕಾಳು ಮುಗಿಯುತ್ತ ಬಂದಂತೆ ಹಾಡು ಅಲ್ಲಿಂದ ಮೇಲೇಳುತ್ತದೆ. ಮನೆಗೆ, ಮಕ್ಕಳಿಗೆ, ದುಃಖ ಕೊಟ್ಟವರಿಗೂ ಹರಕೆ. ಕೊನೆಗೆ ಕಲ್ಲಿಗೆ ಕೈಮುಗಿದು ಏಳುವುದು. ಪ್ರತಿ ದಿನವೂ ಪ್ರತಿಯೊಬ್ಬಳೂ ಈ ಕ್ರಮವನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಳೆಂದಲ್ಲ. ಆದರೆ ಆರಂಭದ ಸ್ತುತಿಯೂ ಮುಕ್ತಾಯದ ಹರಕೆಯೂ ಗಟ್ಟಿಯಾದ ಸಂಪ್ರದಾಯಗಳು. ದುಃಖದೊಳಗೆ ಇಳಿಯಲು ಒಂದು ಬಾಗಿಲಿತ್ತು, ಅದರಿಂದ ಹೊರಬರಲೂ ಒಂದು ಬಾಗಿಲಿತ್ತು. ಅಳುತ್ತ ಕುಳಿತವಳಿಗೆ ಈ ಎರಡನೆಯ ಬಾಗಿಲು ಸಿಗುವುದಿಲ್ಲ. ಹಾಡುತ್ತ ಕುಳಿತವಳು ಕಾಳು ಮುಗಿದಾಗ ಏಳಲೇಬೇಕು.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ಬೀಸುವ ಪದಗಳ ಮಾತು ಬಹುಮಟ್ಟಿಗೆ ಸಿದ್ಧ ಮಾತು. ಒಂದು ಊರಿನ ತ್ರಿಪದಿ ಹತ್ತು ಊರುಗಳಲ್ಲಿ ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ಸಿಗುತ್ತದೆ. ಸಾಹಿತ್ಯ ವಿಮರ್ಶೆಯ ದೃಷ್ಟಿಯಿಂದ ಇದು ಪುನರುಕ್ತಿಯೆನಿಸಬಹುದು. ಹಾಡುವವಳಿಗೆ ಮಾತ್ರ ಇದೇ ರಕ್ಷೆ. ತನ್ನ ಅತ್ತೆ ಕ್ರೂರಿ ಎಂದು ಸೊಸೆ ಬಾಯಿಬಿಟ್ಟು ಹೇಳಿದರೆ ಅದು ದೂರು, ಅದಕ್ಕೆ ಶಿಕ್ಷೆ ಉಂಟು. ಅದೇ ಮಾತನ್ನು ಊರೆಲ್ಲ ಹಾಡುವ ಪದದಲ್ಲಿ ಹಾಡಿದರೆ ಅದು ಹಾಡು. ಅತ್ತೆಯ ಕಿವಿಗೆ ಬಿದ್ದರೂ ಅವಳೇನೂ ಹೇಳುವಂತಿಲ್ಲ, ಏಕೆಂದರೆ ಅವಳೂ ಸೊಸೆಯಾಗಿದ್ದಾಗ ಅದನ್ನೇ ಹಾಡಿದ್ದಳು. ತನ್ನ ನೋವು ತನ್ನೊಬ್ಬಳದಲ್ಲ, ಇದೇ ಕಲ್ಲಿನ ಮುಂದೆ ತನ್ನ ತಾಯಿ, ಅಜ್ಜಿಯರೂ ಇದನ್ನೇ ಹೇಳಿಕೊಂಡಿದ್ದಾರೆ ಎಂಬ ಅರಿವು ಪದದ ಸಿದ್ಧ ರೂಪದಲ್ಲಿಯೇ ಇದೆ. ಖಿನ್ನತೆಯೊಂದಿಗೆ ಅನೇಕ ವೇಳೆ ಒಂಟಿತನದ ಭಾವವೂ ಸೇರಿರುತ್ತದೆಂದು ಬಲ್ಲವರಿಗೆ ಇದರ ಬೆಲೆಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಈ ಹಾಡುಗಳು ಅಚ್ಚಿಗೆ ಬಂದದ್ದು ತಡವಾಗಿ. 1871ರಲ್ಲಿ ಚಾರ್ಲ್ಸ್ ಗೋವರ್ ದಕ್ಷಿಣ ಭಾರತದ ಜನಪದ ಗೀತೆಗಳ ಸಂಕಲನವನ್ನು ಪ್ರಕಟಿಸಿದಾಗ ಅದರ ಕನ್ನಡ ಭಾಗವನ್ನು ಹೆಚ್ಚಾಗಿ ತುಂಬಿದ್ದು ದಾಸರ ಪದಗಳು. 1885ರಿಂದ ಜೆ.ಎಫ್. ಫ್ಲೀಟ್ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದವು ವೀರರ, ದಂಗೆಗಳ ಲಾವಣಿಗಳು. ಇಬ್ಬರ ಗಮನವೂ ಗಂಡಸರು ಹೊರಗೆ ಹಾಡುವ ಹಾಡುಗಳ ಕಡೆಗಿತ್ತು. ನಸುಕಿನಲ್ಲಿ ಮನೆಯೊಳಗೆ ನಡೆಯುತ್ತಿದ್ದ ಹಾಡಿಕೆಯನ್ನು ಕೇಳುವ ಅವಕಾಶ ಪರಕೀಯ ಅಧಿಕಾರಿಗಳಿಗೆ ಇರಲೂ ಇಲ್ಲ. ಈಗಿನ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದಾಗ ಕನ್ನಡ ಓದುಗರಿಗೆ ಆ ಲೋಕ ತೆರೆದುಕೊಂಡಿತು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು ಹೊರಗಿನಿಂದ ಬಂದ ಸಂಗ್ರಾಹಕರಲ್ಲ, ಆ ಮನೆಗಳ ಮಕ್ಕಳು. 1933ರ ‘ಜೀವನ ಸಂಗೀತ’, 1935ರ ‘ಮಲ್ಲಿಗೆ ದಂಡೆ’ ಅದೇ ಬಳಗದ ಮುಂದಿನ ಫಲಗಳು. ದಕ್ಷಿಣದಲ್ಲಿ ಅರ್ಚಕ ಬಿ. ರಂಗಸ್ವಾಮಿ, ಗೊರೂರು, ಮತಿಘಟ್ಟ ಕೃಷ್ಣಮೂರ್ತಿ ಇವರ ದುಡಿಮೆಯನ್ನೂ, ಬಿ.ಎಸ್. ಗದ್ದಗಿಮಠರ ಸಂಶೋಧನ ಪ್ರಬಂಧವನ್ನೂ, ಮುಂದೆ ಜೀ.ಶಂ. ಪರಮಶಿವಯ್ಯ, ಎಚ್.ಎಲ್. ನಾಗೇಗೌಡ ಮೊದಲಾದವರು ಸಂಸ್ಥೆಗಳ ಬಲದಿಂದ ನಡೆಸಿದ ವ್ಯಾಪಕ ಸಂಗ್ರಹವನ್ನೂ ಇದರೊಂದಿಗೆ ಸೇರಿಸಿದರೆ ಕನ್ನಡದಲ್ಲಿ ಉಳಿದಿರುವ ಹೆಂಗಸರ ಹಾಡಿನ ಸಂಪತ್ತು ಬಹು ದೊಡ್ಡದು.

ಈ ಹಿರಿಯರ ಋಣವನ್ನು ನೆನೆದೇ ಒಂದು ಮಾತನ್ನು ಹೇಳಬೇಕಾಗಿದೆ. ಸಂಕಲನಗಳು ಹಾಡಿನ ಮಾತುಗಳನ್ನು ಉಳಿಸಿದವು, ಹಾಡಿಕೆಯನ್ನು ಬಿಟ್ಟುಕೊಟ್ಟವು. ತವರಿನ ಪದಗಳೆಲ್ಲ ಒಂದು ಕಡೆ, ಅಣ್ಣತಮ್ಮಂದಿರವು ಇನ್ನೊಂದು ಕಡೆ, ಅತ್ತೆಸೊಸೆಯರವು ಮತ್ತೊಂದು ಕಡೆ, ಕೂಸಿನವು ಬೇರೆ. ಹೀಗೆ ವಿಷಯವಾರು ವಿಂಗಡಿಸುವುದು ಕನ್ನಡದಲ್ಲಿ ವಾಡಿಕೆಯಾಯಿತು. ಓದುಗನಿಗೆ ಇದರಿಂದ ಅನುಕೂಲವುಂಟು. ಆದರೆ ಒಂದು ಮುಂಜಾವಿನ ಹಾಡಿಕೆ ತುಂಡುತುಂಡಾಗಿ ಹತ್ತು ಅಧ್ಯಾಯಗಳಿಗೆ ಹಂಚಿಹೋಗುತ್ತದೆ. ಯಾವ ಸೊಲ್ಲಿನ ಮೇಲೆ ಯಾವ ಸೊಲ್ಲು ಬಂತು, ದುಃಖದ ಪದಗಳಿಂದ ಹರಕೆಯ ಪದಗಳಿಗೆ ಹಾಡುಗಾರ್ತಿ ಹೇಗೆ ದಾಟಿದಳು, ಎಲ್ಲಿ ನಿಂತಳು, ಯಾವುದನ್ನು ಎರಡು ಸಲ ಹಾಡಿದಳು ಎಂಬ ವಿವರಗಳು ಪುಟದ ಮೇಲೆ ಇಲ್ಲ. ಹಾಡಿನಿಂದ ಮನಸ್ಸು ಹೇಗೆ ಹಗುರಾಗುತ್ತಿತ್ತು ಎಂಬ ಪ್ರಶ್ನೆಗೆ ಉತ್ತರ ಇದ್ದದ್ದು ಮಾತ್ರ ಅಲ್ಲಿಯೇ. ರಂಗಸ್ವಾಮಿಯವರ 1933ರ ‘ಹುಟ್ಟಿದ ಹಳ್ಳಿ, ಹಳ್ಳಿಯ ಹಾಡು’ ಹಳ್ಳಿಯ ಬದುಕನ್ನೂ ಹಾಡನ್ನೂ ಒಂದೇ ಹೊದಿಕೆಯೊಳಗೆ ಇಟ್ಟ ಅಪರೂಪದ ಪುಸ್ತಕ. ಆ ಮಾರ್ಗವನ್ನು ನಂತರದವರು ಅಷ್ಟಾಗಿ ಹಿಡಿಯಲಿಲ್ಲ. ‘ಗರತಿ’ ಎಂಬ ಹೆಸರಿಗೂ ಒಂದು ತೊಡಕಿದೆ. ಆ ಹೆಸರು ಹಾಡುಗಾರ್ತಿಗೆ ಗೌರವ ತಂದಿತು. ಜೊತೆಗೆ, ಆಕೆಯಲ್ಲಿ ಸಹನೆಯನ್ನೇ ಹುಡುಕುವ ಓದನ್ನೂ ರೂಢಿಗೆ ತಂದಿತು. ಸಿಟ್ಟು, ಹೊಟ್ಟೆಕಿಚ್ಚು, ಗಂಡನ ಮೇಲಿನ ಲೇವಡಿ ಹಾಡುಗಳಲ್ಲಿ ಇದ್ದರೂ ವಿಮರ್ಶೆಯ ಕಣ್ಣಿಗೆ ಬಿದ್ದದ್ದು ಕಡಿಮೆ. ಮನಸ್ಸಿನ ಆರೋಗ್ಯದ ದೃಷ್ಟಿಯಿಂದ ನೋಡಿದರೆ ಸಹನೆಯ ಪದಗಳಷ್ಟೇ ಸಿಟ್ಟಿನ ಪದಗಳೂ ಮುಖ್ಯ.

ನೆರೆಯ ಮರಾಠಿಯಲ್ಲಿ ಈ ಕೊರತೆಯನ್ನು ತುಂಬುವ ಒಂದು ದೊಡ್ಡ ಪ್ರಯತ್ನ ನಡೆದಿದೆ. ಪುಣೆಯಲ್ಲಿ ಗೀ ಪ್ವಾತ್ವ್ಯಾಂ ಮತ್ತು ಹೇಮಾ ರಾಯರ್ಕರ್ ಅವರು ಹಳ್ಳಿಯ ಹೆಂಗಸರ ಜೊತೆಗೂಡಿ 1980ರ ದಶಕದಿಂದ ಬೀಸುವ ಓವಿಗಳನ್ನು ಸಂಗ್ರಹಿಸಿದರು. ಸಂಖ್ಯೆ 1 ಲಕ್ಷವನ್ನೂ ಮೀರಿತು. ಸೋಮೇಶ್ವರ ಕಂಡಿದ್ದ ಓವಿಯೇ ಎಂಟೂವರೆ ಶತಮಾನಗಳ ಬಳಿಕ ಧ್ವನಿಮುದ್ರಣಕ್ಕೆ ಒಳಗಾಯಿತು. ಹಾಡಿದವಳ ಹೆಸರು, ಊರು, ಜಾತಿ, ಆಕೆಯ ಬಾಳಿನ ವಿವರಗಳನ್ನು ಪದದೊಂದಿಗೆ ಬಿಡದೆ ಇಟ್ಟದ್ದು ಈ ಸಂಗ್ರಹದ ಹಿರಿಮೆ. 2017ರಿಂದ ಅದು ಗ್ರಾಮೀಣ ಭಾರತದ ಜನರ ಕಡತವಾದ ‘ಪರಿ’ಯ ಮೂಲಕ ಎಲ್ಲರಿಗೂ ಸಿಗುವಂತಾಯಿತು. ಕನ್ನಡದಲ್ಲಿ ಕೃಷ್ಣಮೂರ್ತಿ ಹನೂರರು ಚಳ್ಳಕೆರೆ ಸೀಮೆಯ ಸಿರಿಯಜ್ಜಿಯ ಹಾಡುಗಳನ್ನು ಒಬ್ಬ ವ್ಯಕ್ತಿಯ ಸೃಷ್ಟಿಯಾಗಿ ಕಂಡು ಸಂಗ್ರಹಿಸಿದ್ದು ಇದೇ ದಿಕ್ಕಿನ ಕೆಲಸ.

ವೈದ್ಯವಿಜ್ಞಾನ ಈ ವಿಷಯದಲ್ಲಿ ಹೇಳುವುದನ್ನು ಈಗ ನೋಡಬಹುದು. 2017ರಲ್ಲಿ ಪ್ರಕಟವಾದ ಕಾಕ್ರನ್ ವಿಮರ್ಶೆಯೊಂದು ಖಿನ್ನತೆಗೆ ಸಂಗೀತ ಚಿಕಿತ್ಸೆಯನ್ನು ಕುರಿತ 9 ಅಧ್ಯಯನಗಳನ್ನು ಪರಿಶೀಲಿಸಿತು. ಅವುಗಳಲ್ಲಿ ಭಾಗವಹಿಸಿದವರು ಒಟ್ಟು 421 ಮಂದಿ. ಎಂದಿನ ಚಿಕಿತ್ಸೆಯೊಂದಿಗೆ ಸಂಗೀತ ಚಿಕಿತ್ಸೆಯನ್ನೂ ಸೇರಿಸಿದಾಗ ಅಲ್ಪಾವಧಿಯಲ್ಲಿ ಖಿನ್ನತೆಯ ಲಕ್ಷಣಗಳು ಇನ್ನಷ್ಟು ತಗ್ಗಿದವೆಂಬುದು ಅದರ ನಿರ್ಣಯ. ಇಲ್ಲಿ ‘ಎಂದಿನ ಚಿಕಿತ್ಸೆಯೊಂದಿಗೆ’ ಎಂಬ ಮಾತನ್ನು ಮರೆಯಬಾರದು. ಹಾಡೇ ಔಷಧವೆಂದು ಸಾರುವ ಉತ್ಸಾಹಿಗಳು ಈ ಮಾತನ್ನು ಕೈಬಿಟ್ಟು ಓದುತ್ತಾರೆ. 2018ರಲ್ಲಿ ಇಂಗ್ಲೆಂಡಿನ ಡೇಸಿ ಫ್ಯಾನ್‌ಕೋರ್ಟ್ ಮತ್ತು ರೋಸಿ ಪರ್ಕಿನ್ಸ್ ಪ್ರಕಟಿಸಿದ ಪ್ರಯೋಗ ಬೀಸುವ ಪದಗಳಿಗೆ ಇನ್ನೂ ಹತ್ತಿರದ್ದು. ಹೆರಿಗೆಯ ಬಳಿಕ ಖಿನ್ನತೆಯ ಲಕ್ಷಣಗಳಿದ್ದ 134 ತಾಯಂದಿರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ 10 ವಾರ ಕೂಸುಗಳೊಂದಿಗೆ ಕೂಡಿ ಹಾಡುವ, ಇನ್ನೊಂದಕ್ಕೆ ಕೂಡಿ ಆಟವಾಡುವ ಅವಕಾಶ ಕೊಡಲಾಯಿತು. ಮೂರನೆಯದು ಎಂದಿನ ಆರೈಕೆಯಲ್ಲಿ ಮುಂದುವರಿಯಿತು. ಲಕ್ಷಣಗಳು ತೀವ್ರವಾಗಿದ್ದ ತಾಯಂದಿರಲ್ಲಿ ಹಾಡಿದವರು ಉಳಿದವರಿಗಿಂತ ಬೇಗ ಚೇತರಿಸಿಕೊಂಡರು. ಬಾಣಂತಿಯ ಸುತ್ತ ಹಾಡನ್ನು ಹಬ್ಬಿಸಿದ, ತೊಟ್ಟಿಲಿಗೆ ಹಾಕುವ ದಿನ ನೆರೆಯ ಹೆಂಗಸರನ್ನು ಕೂಡಿಸಿ ಹಾಡಿಸುವ ನಮ್ಮ ಸಂಪ್ರದಾಯಗಳನ್ನು ಬಲ್ಲವರು ಈ ಫಲಿತಾಂಶವನ್ನು ಕಂಡು ಅಚ್ಚರಿಪಡಲಾರರು. ಜೋಗುಳ ಕೂಸನ್ನು ಮಲಗಿಸುತ್ತದೆ ಎಂಬುದು ಎಲ್ಲರೂ ಬಲ್ಲ ಮಾತು. ಹಾಡುವ ತಾಯಿಗೆ ಅದರಿಂದ ಆಗುವುದೇನು ಎಂದು ಜಾನಪದ ಅಧ್ಯಯನವೂ ಹೆಚ್ಚಾಗಿ ಕೇಳಲಿಲ್ಲ.

ಒಟ್ಟಿಗೆ ಹಾಡುವವರಲ್ಲಿ ಉಸಿರಾಟ ಒಂದೇ ಲಯಕ್ಕೆ ಬರುವುದರಿಂದ ಹೃದಯದ ಬಡಿತದ ಏರಿಳಿತವೂ ಒಂದಕ್ಕೊಂದು ಹೊಂದಿಕೊಳ್ಳುತ್ತದೆಂದು 2013ರಲ್ಲಿ ಸ್ವೀಡನ್ನಿನ ಅಧ್ಯಯನವೊಂದು ತೋರಿಸಿತು. ಜಪಮಾಲೆಯ ಪ್ರಾರ್ಥನೆಯೂ ಯೋಗದ ಮಂತ್ರಪಠನವೂ ಉಸಿರನ್ನು ನಿಮಿಷಕ್ಕೆ ಸುಮಾರು 6ರ ನಿಧಾನಗತಿಗೆ ತಂದು ಹೃದಯ ಮತ್ತು ರಕ್ತದೊತ್ತಡದ ಲಯಗಳಿಗೆ ಹಿತವನ್ನು ಉಂಟುಮಾಡುತ್ತವೆ ಎಂಬುದು ಇಟಲಿಯ ಬೆರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಸಂಗತಿ. ಇವನ್ನು ನೇರವಾಗಿ ಬೀಸುವ ಕಲ್ಲಿಗೆ ಅನ್ವಯಿಸುವುದು ಆತುರವಾದೀತು. ಬೀಸುವುದು ಕುಳಿತು ಮಾಡುವ ಪ್ರಾರ್ಥನೆಯಲ್ಲ, ಮೈ ಬೆವರಿಳಿಸುವ ದುಡಿಮೆ. ಆದರೂ ಕಲ್ಲಿನ ಸುತ್ತು ತೋಳಿಗೆ, ತೋಳು ಉಸಿರಿಗೆ, ಉಸಿರು ಸೊಲ್ಲಿಗೆ ಅಳತೆ ಕೊಡುತ್ತಿತ್ತು ಎಂಬುದು ಒಮ್ಮೆ ಬೀಸಿ ನೋಡಿದವರಿಗೆ ತಿಳಿಯುವ ಮಾತು. ಈ ಸಂಶೋಧನೆಗಳ ಸಾಲಿನಲ್ಲಿ ಇಂಗ್ಲೆಂಡಿನಲ್ಲಿ ನಡೆದ 2015ರ ಇನ್ನೊಂದು ಅಧ್ಯಯನವೂ ಉಂಟು. ವಯಸ್ಕರ ತರಗತಿಗಳಲ್ಲಿ ಹಾಡು ಕಲಿತವರು, ಕರಕುಶಲ ಕಲೆ ಅಥವಾ ಬರವಣಿಗೆ ಕಲಿತವರಿಗಿಂತ ಬೇಗನೆ ಪರಸ್ಪರ ಹತ್ತಿರವಾದರು. 7 ತಿಂಗಳ ಕೊನೆಗೆ ಮಾತ್ರ ಎಲ್ಲ ಗುಂಪುಗಳೂ ಒಂದೇ ಮಟ್ಟಕ್ಕೆ ಬಂದವು. ಹಾಡಿನ ಗುಣ ಅದರ ವೇಗದಲ್ಲಿದೆ. ಹೊಸದಾಗಿ ಮದುವೆಯಾಗಿ ಬಂದು ಓರಗಿತ್ತಿಯ ಎದುರು ಗೂಟ ಹಿಡಿದು ಕುಳಿತ ಹುಡುಗಿಗೆ ಬೇಕಾಗಿದ್ದುದೂ ಅದೇ.

ನಿತ್ಯದ ದುಃಖಕ್ಕೆ ಕಲ್ಲು ಸಾಕಾಗಿತ್ತು. ಮನಸ್ಸು ಅದನ್ನೂ ಮೀರಿ ಕದಡಿದಾಗ ಹಾಡು ಏನು ಮಾಡಬಲ್ಲುದು ಎಂಬುದಕ್ಕೆ ತುಳುನಾಡಿನ ಸಿರಿ ಆಚರಣೆ ಉತ್ತರ ಕೊಡುತ್ತದೆ. ಅಲ್ಲಿ ಹೆಂಗಸರು ಗದ್ದೆಯಲ್ಲಿ ನೇಜಿ ನೆಡುವಾಗ ಪಾಡ್ದನಗಳನ್ನು ಹಾಡುತ್ತಾರೆ. ಅವುಗಳಲ್ಲಿ ಸಿರಿಯ ಪಾಡ್ದನವೂ ಒಂದು. ಬಸುರಿ ಹೆಂಡತಿಗೆಂದು ತಂದ ಸೀರೆಯನ್ನು ಮೊದಲು ಸೂಳೆಯ ಮನೆಯಲ್ಲಿ ಬಿಚ್ಚಿದ ಗಂಡನನ್ನು ತೊರೆದು, ಬಿಡುಗಡೆ ಪಡೆದು, ಕೂಸಿನೊಂದಿಗೆ ಹೊರಟುಹೋದ ಹೆಣ್ಣಿನ ಕಥೆ ಅದು. ಅದೇ ಕಥೆ ಕವತ್ತಾರು, ನಂದೊಳಿಗೆ, ಹಿರಿಯಡಕ ಮುಂತಾದೆಡೆಗಳ ವಾರ್ಷಿಕ ಸಿರಿಜಾತ್ರೆಯ ಹುಣ್ಣಿಮೆಯ ರಾತ್ರಿ ಬೇರೊಂದು ಕೆಲಸ ಮಾಡುತ್ತದೆ. ಕಾರಣ ತಿಳಿಯದ ಸಂಕಟ, ಮೌನ, ಮೈಮೇಲೆ ಬರುವಿಕೆಗಳಿಂದ ಬಳಲುವ ಹೆಂಗಸರನ್ನು ಮನೆಯವರು ಅಲ್ಲಿಗೆ ಕರೆತರುತ್ತಾರೆ. ಹಿಂಗಾರ ಹಿಡಿದ ಹೆಂಗಸರು ಗುಂಪುಗುಂಪಾಗಿ ನಿಂತು ಸಿರಿಯ ಕಥೆಯನ್ನು ಹಾಡುತ್ತಾರೆ. ಕುಮಾರನಾಗಿ ಆವೇಶಗೊಂಡ ಗಂಡಸು ಪೀಡಿತೆಯನ್ನು ಪ್ರಶ್ನಿಸುತ್ತಾನೆ. ಆಕೆಯೊಳಗೆ ಇರುವುದು ಸಿರಿಯೋ, ಸೊನ್ನೆಯೋ, ಗಿಂಡೆಯೋ, ಅಬ್ಬಗ-ದಾರಗರೋ ಎಂಬುದು ಹಾಡಿನಲ್ಲಿಯೇ ತಿಳಿದುಬರಬೇಕು. ಹೆಸರು ಹೇಳಲಾರದ ಸಂಕಟಕ್ಕೆ ಹೀಗೆ ಒಂದು ಹೆಸರೂ ಒಂದು ಕಥೆಯೂ ಸಿಗುತ್ತವೆ. ಮನೆಯವರು ಎದುರಿಗೇ ನಿಂತು ಕೇಳಬೇಕಾಗುತ್ತದೆ. ಕಲ್ಲಿನ ಮುಂದೆ ಎಂದೂ ಆಗದ ಸಂಗತಿ ಇದು.

ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ 1975ರಲ್ಲಿಯೇ ಈ ಆಚರಣೆಯನ್ನು ವಿದ್ವತ್‌ಲೋಕಕ್ಕೆ ಪರಿಚಯಿಸಿದರು. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಲೌರಿ ಹಾಂಕೊ, ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರ ತಂಡ, ಜಾತ್ರೆಗಳಲ್ಲಿ ಸಿರಿಗಳ ಗುಂಪನ್ನು ನಡೆಸುತ್ತಿದ್ದ ಮಾಚಾರಿನ ಗೋಪಾಲ ನಾಯ್ಕರಿಂದ ಸಿರಿ ಮಹಾಕಾವ್ಯವನ್ನು ದಾಖಲಿಸಿತು. 1998ರಲ್ಲಿ ಪ್ರಕಟವಾದ ಆ ಪಠ್ಯ 15,683 ಸಾಲುಗಳದು. ವಿದ್ವಾಂಸರ ಕಣ್ಣು ಸಹಜವಾಗಿಯೇ ಈ ಗಾತ್ರದ ಮೇಲೆ ನಿಂತಿತು. ಜಾತ್ರೆಗೆ ಬಂದ ಹೆಣ್ಣಿಗೆ ಅಷ್ಟು ಸಾಲುಗಳು ಬೇಕಾಗುವುದಿಲ್ಲ. ತನ್ನ ಪಾತ್ರದ ನಾಲ್ಕಾರು ಸಾಲುಗಳನ್ನು ತನ್ನ ಬಾಯಿಂದ, ಗುಂಪಿನ ಜೊತೆ ಹಾಡಲು ಆದರೆ ಸಾಕು. ಮೊದಲ ವರ್ಷ ತತ್ತರಿಸುತ್ತ ಬಂದವಳು ವರ್ಷವರ್ಷವೂ ಮರಳಿ ಬಂದು ಪಳಗಿದ ಸಿರಿಯಾಗಿ ಹೊಸಬರಿಗೆ ಆಸರೆಯಾಗುವುದುಂಟು. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ, ಜನಪದ ಮನೋಚಿಕಿತ್ಸೆಯೆಂದು ಹೊಗಳಿ ಕೈತೊಳೆದುಕೊಳ್ಳುವುದೂ ಅಷ್ಟೇ ಸುಲಭ. ಜಾತ್ರೆಯಿಂದ ಗುಣವಾಗದೆ ವೈದ್ಯರನ್ನು ಕಾಣಬೇಕಾದವರೂ ಇದ್ದಾರೆ. ಒಂದು ಇನ್ನೊಂದರ ದಾರಿಗೆ ಅಡ್ಡ ಬರಬೇಕಾಗಿಲ್ಲ.

ಬೀಸುವ ಪದಕ್ಕೆ ಸಿರಿಜಾತ್ರೆಯ ಭಾಗ್ಯ ಇರಲಿಲ್ಲ. 20ನೆಯ ಶತಮಾನದ ನಡುಭಾಗದಿಂದ ಹಿಟ್ಟಿನ ಗಿರಣಿಗಳು ಒಂದೊಂದೇ ಹಳ್ಳಿಗೆ ಬಂದವು. ಮೊದಲು ಎಣ್ಣೆಯ ಯಂತ್ರ, ಆಮೇಲೆ ವಿದ್ಯುತ್ತು. ಕಲ್ಲು ಮೂಲೆ ಸೇರಿತು. ಇದಕ್ಕಾಗಿ ಹಲುಬುವುದು ಕಲ್ಲು ತಿರುಗಿಸದವರು ಮಾಡುವ ತಪ್ಪು. ಅಂಗೈ ಬೊಬ್ಬೆ, ಭುಜದ ನೋವು, ಬಸುರಿಯಾದರೂ ತಪ್ಪದ ಕೆಲಸ ಇವುಗಳನ್ನು ಗಿರಣಿ ನೀಗಿತು. ಹೆಂಗಸರು ಅದನ್ನು ಸಂತೋಷದಿಂದಲೇ ಬರಮಾಡಿಕೊಂಡರು. ಬೀಸುವ ಕಷ್ಟವನ್ನು ಬೀಸುವ ಪದಗಳಲ್ಲಿಯೇ ಅವರು ಸಾಕಷ್ಟು ದೂರಿದ್ದರು. ಆದರೆ ಗಿರಣಿ ದುಡಿಮೆಯನ್ನು ತೆಗೆದುಕೊಂಡು ಹೋದಾಗ ಅದರೊಂದಿಗೆ ದುಃಖ ಹೇಳಿಕೊಳ್ಳುವ ವೇಳೆಯೂ ಹೋಯಿತು. ಅತ್ತೆ ಉಳಿದಳು, ಬಂಜೆಯೆಂಬ ಮೂದಲಿಕೆ ಉಳಿಯಿತು, ಕುಡಿದು ಬರುವ ಗಂಡ ಉಳಿದ. ಹಾಡನ್ನು ಬೇರೊಂದು ಹೊತ್ತಿನಲ್ಲಿ ಹಾಡಬಹುದಿತ್ತಲ್ಲವೇ ಎಂದರೆ, ಆಗುತ್ತಿರಲಿಲ್ಲ. ಕೆಲಸದ ಮರೆಯಿಲ್ಲದೆ ಕುಳಿತು ಹಾಡುವ ಸೊಸೆಯನ್ನು ಯಾವ ಮನೆಯೂ ಒಪ್ಪುತ್ತಿರಲಿಲ್ಲ.

ಹಾಡಿಕೆಯ ಮಿತಿಯನ್ನೂ ಹೇಳದಿದ್ದರೆ ಈ ವಿವೇಚನೆ ಏಕಮುಖವಾದೀತು. ಅಮೆರಿಕದ ವಿದ್ವಾಂಸ ವಿಲಿಯಂ ಬಾಸ್ಕಮ್ 1954ರಲ್ಲಿ ಜಾನಪದದ ಕಾರ್ಯಗಳನ್ನು ವಿವರಿಸುತ್ತ, ಅದು ಸಮಾಜ ಹೇರಿದ ಒತ್ತಡಗಳಿಂದ ಕಲ್ಪನೆಯಲ್ಲಿ ಬಿಡುಗಡೆ ನೀಡುತ್ತದೆ, ಅದೇ ವೇಳೆ ಆ ಸಮಾಜದ ಕಟ್ಟುಪಾಡುಗಳನ್ನು ಕಾಯುತ್ತದೆ ಎಂದು ಗುರುತಿಸಿದರು. ಬೀಸುವ ಪದಕ್ಕೆ ಈ ಮಾತು ಸಲ್ಲುತ್ತದೆ. ನಸುಕಿನಲ್ಲಿ ಹಗುರಾದ ಮನಸ್ಸು ಹಗಲಿನ ಹೊರೆಯನ್ನು ಮತ್ತೆ ಹೊರಲು ಸಿದ್ಧವಾಗುತ್ತಿತ್ತು. ಹೊರೆ ಹೇರಿದವರಿಗೆ ಅದರಿಂದ ತೊಂದರೆಯೇನೂ ಆಗುತ್ತಿರಲಿಲ್ಲ. ಆದರೆ ಎಲ್ಲ ಹಾಡುಗಾರ್ತಿಯರ ವಿಷಯದಲ್ಲಿಯೂ ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಅಂಕೋಲೆಯ ಬಡಗೇರಿಯ ಹಾಲಕ್ಕಿ ಒಕ್ಕಲಿಗ ಸಮುದಾಯದ ಸುಕ್ರಿ ಬೊಮ್ಮಗೌಡರು ಚಿಕ್ಕ ವಯಸ್ಸಿನಲ್ಲಿ ಗಂಡನನ್ನೂ, ಮುಂದೆ ಕುಡಿತದ ದೆಸೆಯಿಂದ ಮಗನನ್ನೂ ಕಳೆದುಕೊಂಡವರು. ತಾಯಿಯಿಂದ ಬಂದ ಹಾಡಿನ ಭಂಡಾರವನ್ನು ಅವರು ಕೈಬಿಡಲಿಲ್ಲ. ಅದೇ ದನಿಯಲ್ಲಿ ಊರಿನ ಹೆಂಗಸರನ್ನು ಕೂಡಿಸಿ ಸಾರಾಯಿಯ ವಿರುದ್ಧ ಹೋರಾಟಕ್ಕೆ ಇಳಿದರು. ಕರ್ನಾಟಕದಲ್ಲಿ ಸಾರಾಯಿ ಮಾರಾಟ 2007ರ ಜುಲೈನಲ್ಲಿ ನಿಂತದ್ದರ ಹಿಂದೆ ಇಂತಹ ಅನೇಕ ಊರುಗಳ ಹೆಂಗಸರ ದನಿಯಿದೆ. ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಿತು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಅವರ ಬಾಳಿನಲ್ಲಿ ಹಾಡು ನೋವನ್ನು ಮರೆಸುವ ಸಾಧನವಾಗಿ ಮಾತ್ರ ಉಳಿಯದೆ, ನೋವಿನ ಕಾರಣವನ್ನು ಊರಿನ ಮುಂದೆ ಇಡುವ ಸಾಧನವೂ ಆಯಿತು.

ಗಿರಣಿ ಬರುವ ಮುನ್ನ ಸೊಸೆಯಾಗಿ ಬಂದು ಕಲ್ಲಿನ ಮುಂದೆ ಕುಳಿತಿದ್ದ ಹೆಂಗಸರಲ್ಲಿ ಬದುಕಿರುವವರ ವಯಸ್ಸು ಈಗ ಎಪ್ಪತ್ತು, ಎಂಬತ್ತನ್ನು ದಾಟಿದೆ. ಅವರ ಬಳಿಗೆ ಹೋಗುವ ಕ್ಷೇತ್ರಕಾರ್ಯಕರ್ತರು ಇಂದಿಗೂ ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ ನಿಮಗೆ ಯಾವ ಯಾವ ಪದ ಬರುತ್ತವೆ ಎಂಬುದು. ಪದಗಳು ಬಹುಪಾಲು ಈಗಾಗಲೇ ಅಚ್ಚಾಗಿವೆ. ಯಾರ ಎದುರು ಕುಳಿತು ಹಾಡುತ್ತಿದ್ದಿರಿ, ಮೊದಲು ಯಾವುದು, ಅದರ ಹಿಂದೆ ಯಾವುದು, ಯಾವ ಪದ ಬಂದಾಗ ದನಿ ತಗ್ಗಿಸುತ್ತಿದ್ದಿರಿ, ಕಾಳು ಮುಗಿದು ಎದ್ದಾಗ ಹೇಗನ್ನಿಸುತ್ತಿತ್ತು, ಗಿರಣಿ ಬಂದ ಮೇಲೆ ಆ ಮಾತುಗಳನ್ನು ಎಲ್ಲಿ ಹೇಳಿಕೊಂಡಿರಿ? ಇವನ್ನು ಕೇಳಲು ಸಾಧ್ಯವಾದರೆ ಒಂದು ಕಲ್ಲನ್ನೂ ಒಂದು ಹಿಡಿ ಜೋಳವನ್ನೂ ಎದುರಿಗೆ ಇಟ್ಟುಕೊಂಡೇ ಕೇಳುವುದು ಲೇಸು; ಕೈ ಗೂಟ ಹಿಡಿಯದೆ ನೆನಪಾಗದ ಪದಗಳು ಅನೇಕ ಇವೆ.